ಹಳೆಯದೆಂದರೆ ನಿನ್ನೆಯದು

ಮಾರ್ಚ್ ೧೪, ಮಧ್ಯಾಹ್ನ

ಮುದ್ದು ಪುಟ್ಟಿಗೆ,

ಅಪ್ಪನ ಆಶೀರ್ವಾದ. ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ಇದನ್ನೆಲ್ಲ ಹೇಳಲಾಗಲಿಲ್ಲ. ಮೊದಲೇ ಹೇಳಿಬಿಡುತ್ತೇನೆ: ಅಮ್ಮ ಬದುಕಿದ್ದಾಳೆ, ನಾಳೆ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ.

ಅವಳು ವರ್ಷಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೀನೇ ಕಂಡಿದ್ದೀಯ. ಹೊಸ ಡಾಕ್ಟರಮ್ಮ ಬೇರೆ ಮಾತ್ರೆ ಬರೆದರು. "ಮನಸ್ಸನ್ನ ಗೆಲುವಾಗಿಡೋ ರಾಸಾಯನಿಕಗಳು ಮಿದುಳಲ್ಲಿರುತ್ತವೆ. ಅವನ್ನ ಒಡೆದು ಹಾಕೋಕೆ ಒಂದು ಕಿಣ್ವ ಇದೆ. ಈ ಮಾತ್ರೆ ಆ ಕಿಣ್ವದ ಕೈ ಕಟ್ಟುತ್ತೆ, ಆಗ ಅವು ಹೆಚ್ಚು ಉಳೀತವೆ" ಎಂದರು. ಕೆಲವೇ ವಾರಗಳಲ್ಲಿ ಅಮ್ಮ ಎದ್ದು ಬೇಕರಿಗೆ ಬಂದು, ನನ್ನ ಬನ್ನುಗಳನ್ನು ನೋಡಿ, "ಇವೇನ್ರೀ, ನಿಮ್ಮ ಹಾಗೇ ಮುಖ ಊದಿಸ್ಕೊಂಡಿವೆ?" ಎಂದು ನಕ್ಕಳು. ನನಗೆ ಸ್ವರ್ಗಕ್ಕೆ ಮೂರೇ ಗೇಣು!

ಡಾಕ್ಟರಮ್ಮ ಒಂದು ಮಾತನ್ನು ಕಡ್ಡಿ ಮುರಿದಂತೆ ಹೇಳಿದ್ದರು: "ಹಳೇ ಚೀಸ್ ಮುಟ್ಟಲೇ ಕೂಡದು." ನಮ್ಮ ಕಸುಬಿನಲ್ಲಿ ಹಳೆಯದೆಂದರೆ ನಿನ್ನೆಯದು. ಫ್ರಿಜ್ಜಿನಲ್ಲಿದ್ದ ತುಂಡನ್ನು ಅಂದೇ ಬಿಸಾಡಿದೆ. ಮೊನ್ನೆ ಅಂಗಡಿಗೆ ಆಗಷ್ಟೇ ಬಂದಿದ್ದ, ಸೀಲು ಒಡೆಯದ, ಅವಳಿಗಿಷ್ಟದ ಗಟ್ಟಿ ಚೀಸ್ ತಂದು, ಬಿಸಿ ಬ್ರೆಡ್ಡಿನ ಮೇಲೆ ದಪ್ಪ ಹೋಳಿಟ್ಟು ಕೊಟ್ಟೆ. ಜಂಬ ಬೇರೆ!

ತಿಂದು ಸ್ವಲ್ಪ ಹೊತ್ತಿಗೆ, "ರೀ, ತಲೆ ಸಿಡೀತಿದೆ" ಎಂದು ಚೀರಿ ನೆಲಕ್ಕೆ ಕುಸಿದಳು. ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ, ಪುಟ್ಟಿ. ಅಲ್ಲಿ ರಕ್ತದೊತ್ತಡ ನೋಡಿದ ನರ್ಸ್ ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದರು.

"ಚೀಸ್ ಕೊಟ್ರಾ?"

"ಹೊಸದು ಮೇಡಂ, ಇವತ್ತೇ ತಂದದ್ದು!"

"ಅಯ್ಯೋ, ಅದು ಅಂಗಡಿಗೆ ಬರೋ ಮೊದಲೇ ತಿಂಗಳುಗಟ್ಟಲೆ ಮಾಗಿರುತ್ತೆ. ನಾನು ಹಳೇದು ಅಂದದ್ದು ಅದನ್ನೇ. ಮಾಗಿದ್ದರಲ್ಲಿ ರಕ್ತದೊತ್ತಡ ಏರಿಸೋ ಅಂಶ ಇರುತ್ತೆ. ಅದನ್ನ ಒಡೆಯೋದೂ ಅದೇ ಕಿಣ್ವ. ಅದರ ಕೈ ನಾವೇ ಕಟ್ಟಿದ್ದೀವಲ್ಲ!"

ಮುದ್ದು ಮಾಡಲು ಹೋಗಿ ನನ್ನ ಕೈಯಾರೆ ವಿಷ ಉಣಿಸಿದ್ದೆ.

ಈಗ ಒತ್ತಡ ಇಳಿದಿದೆ. ಮಾತ್ರೆ ಮುಂದುವರಿಸುವುದೋ ಬಿಡುವುದೋ, ಡಾಕ್ಟರಮ್ಮ ನೋಡಿ ಹೇಳುತ್ತಾರಂತೆ. ನೀನು ಗಾಬರಿಯಲ್ಲಿ ಊಟ ಬಿಡಬೇಡ. ನೂರು ಕಾಲ ನಗುತ್ತ ಬಾಳು, ಮಗಳೇ.

ನಿನ್ನ
ಅಪ್ಪ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಅವಳ ಕೈ ಹಿಡಿದು, "ನನಗೆ ಗೊತ್ತಾಗಲಿಲ್ಲ ಕಣೇ" ಎಂದೆ. "ನನಗೆ ಗೊತ್ತಿತ್ತು ರೀ" ಎಂದಳು. "ಮೊದಲ ಸಲ ನೀವು ಮಾತ್ರೆ ತರೋಕೆ ಹೋಗಿದ್ದಾಗ, ಹಳೇದು ಅಂದ್ರೆ ಮಾಗಿದ್ದು ಅಂತ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ರು. ಒಂದೇ ಒಂದು ಹೋಳು ತಿಂದ್ರೆ ಏನಾಗುತ್ತೆ ಅಂದ್ಕೊಂಡೆ. ಅಷ್ಟು ಖುಷಿಯಿಂದ ತಟ್ಟೆ ಹಿಡ್ಕೊಂಡು ನಿಂತಿದ್ರಿ. ನಿಮ್ಮ ಮುಖದಲ್ಲಿ ಆ ಖುಷಿ ನೋಡಿ ಎಷ್ಟು ವರ್ಷ ಆಗಿತ್ತೋ. ಬೇಡ ಅನ್ನೋಕೆ ಬಾಯಿ ಬರಲಿಲ್ಲ."