ಒನೋರೆ ಕಟ್ಟಿದ ಭಟ್ಟಿ

ಪ್ಯಾರಿಸ್,
೨೬ ಏಪ್ರಿಲ್ ೧೯೬೦, ಮಂಗಳವಾರ

ಲಿಯೊನ್ತೀನ್,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಐದು ವರ್ಷದಿಂದ ಬೇರೆ ಇರುವ ಗಂಡನಿಗೆ ಆ ಪದದ ಮೇಲೆ ಎಷ್ಟು ಹಕ್ಕು ಉಳಿದಿದೆಯೋ ತಿಳಿಯದೆ ಹಾಳೆ ಬದಲಿಸಿದೆ. ಹರಿದು ಹಾಕುವ ಮುನ್ನ ಓದು. ಇದರಲ್ಲಿ ನಾನು ದುಡ್ಡು ಕೇಳುವುದಿಲ್ಲ. ನನ್ನ ಕೈಬರಹದಲ್ಲಿ ಅಂಥ ಕಾಗದ ನಿನಗೆ ಬರುತ್ತಿರುವುದು ಇದೇ ಮೊದಲು.

ಮೊನ್ನೆ ಭಾನುವಾರ ನಿನ್ನ ತಮ್ಮ ಒನೋರೆ ನನ್ನ ಕೋಣೆಗೆ ಊಟಕ್ಕೆ ಬಂದಿದ್ದ. ಎರಡನೆಯ ಲೋಟ ವೈನಿಗೆ ಬಾಯಿಬಿಟ್ಟ. “ಭಾವ, ಲಾಂಡ್ರೀಲಿ ಅಕ್ಕ ಮತ್ತೆ ಕೈ ಇಸ್ತ್ರಿಪೆಟ್ಟಿಗೇಲೇ ಉಜ್ತಾ ಇದಾಳೆ. ಉಗಿ ಇಸ್ತ್ರಿ ಯಂತ್ರ ಅಕ್ಟೋಬರಲ್ಲೇ ಮಾರಿಬಿಟ್ಲು. ಯಾಕೆ ಅಂತ ಮಾತ್ರ ಕೇಳ್ಬೇಡ, ಹೇಳಲ್ಲ ಅಂತ ಮಾತು ಕೊಟ್ಟಿದೀನಿ” ಅಂದ. ಚೀಸ್ ಮುಗಿಯುವುದರೊಳಗೆ ಎಲ್ಲವನ್ನೂ ಹೇಳಿದ. ಜರ್ಮನ್ನರ ಜೈಲಿನಲ್ಲಿ ಏಟು ತಿಂದೂ ತುಟಿ ಬಿಚ್ಚದಿದ್ದವನು ನನ್ನ ಅಗ್ಗದ ವೈನಿಗೆ ಬಿಚ್ಚಿದ. ಅವನ ಮೇಲೆ ಸಿಟ್ಟಾಗಬೇಡ.

ಹೀಗೆ, ನಾನು ನಿರ್ಮಿಸಿದ ಈ ಸಿನಿಮಾವನ್ನು ಉಳಿಸಿದ ಆ ಐದು ಲಕ್ಷ ಫ್ರಾಂಕ್ ಯಾರದೆಂದು ನನಗೆ ಆರು ತಿಂಗಳ ಮೇಲೆ ತಿಳಿಯಿತು. (ಹಳೆಯ ಫ್ರಾಂಕಿನ ಲೆಕ್ಕ. ಈ ಜನವರಿಯಲ್ಲಿ ಹಳೆಯ ನೂರಕ್ಕೆ ಒಂದರಂತೆ ಹೊಸದು ಬಂದ ಮೇಲೆ ನಾನು ಸಾಲವನ್ನು ಹೊಸದರಲ್ಲಿ ಹೇಳುತ್ತೇನೆ, ಬಂಡವಾಳವನ್ನು ಹಳೆಯದರಲ್ಲಿ.) ಅಂದೇ ತಿಳಿದಿದ್ದರೆ ಖಂಡಿತ ಹಿಂತಿರುಗಿಸುತ್ತಿದ್ದೆ. ಯಂತ್ರ ಮಾರಿ ನೀನು ಅದನ್ನು ಕೊಟ್ಟ ವಾರ ಇಲ್ಲಿ ಏನಾಗಿತ್ತು ಎಂಬುದನ್ನು, ಫಿಲಂ ಮುಗಿದಿದೆ ಎಂಬ ಒನೋರೆಯ ಮಾತಿನ ಹೊರತು, ನಿನಗೆ ಯಾರೂ ಸರಿಯಾಗಿ ಹೇಳಿರಲಾರರು. ಕೇಳುವ ಹಕ್ಕು ನಿನಗಿದೆ.

ಚಿತ್ರದ ಕಥೆ ಒನೋರೆಯದೇ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಯುದ್ಧದ ನಡುವೆ, ನಲವತ್ತಮೂರರಲ್ಲಿ, ಆ ಜೈಲಿನ ಬೇಕರಿಯ ಭಟ್ಟಿ ಬಿರುಕುಬಿಟ್ಟಿತೆಂದು ಭಟ್ಟಿ ಕಟ್ಟುವ ಕಸುಬಿನ ಒನೋರೆಯನ್ನು ರಿಪೇರಿಗೆ ಹಚ್ಚಿದರು. ಅವನು ಹಿಂಗೋಡೆಯನ್ನು ಬೇಕೆಂದೇ ಸಡಿಲ ಕಟ್ಟಿದ. ವಾರದ ಮೇಲೆ ಬೂದಿ ತೆಗೆಯುವ ನೆಪದಲ್ಲಿ ಒಳಗೆ ನುಗ್ಗಿ, ಆ ಗೋಡೆ ಒಡೆದು, ಆಚೆಯ ಕಟ್ಟಿಗೆ ಅಂಗಳಕ್ಕೆ ಹೊರಬಿದ್ದ. ಮಸಿ ಮೆತ್ತಿಕೊಂಡು ಬಂದವನನ್ನು ಹನ್ನೊಂದು ದಿನ ನಿನ್ನ ಲಾಂಡ್ರಿಯ ಒಗೆಯುವ ಬಟ್ಟೆ ರಾಶಿಯಲ್ಲಿ ಮುಚ್ಚಿಟ್ಟವಳು ನೀನು. ಚಿತ್ರದಲ್ಲಿ ಆ ಭಾಗ ಇಲ್ಲ. ಕತ್ತರಿಸಿದ್ದು ನಾನೇ, ಇನ್ನೊಂದು ಸೆಟ್ಟಿನ ಖರ್ಚು ಉಳಿಯಲೆಂದು.

ನಿರ್ದೇಶಕ ಕಸ್ತೆಲ್ ಹಟಮಾರಿ. ಗೋಡೆ ಒಡೆಯುವುದನ್ನು ಎಲ್ಲೂ ತುಂಡರಿಸದೆ ಒಂದೇ ಓಟದಲ್ಲಿ ತೆಗೆಯಬೇಕು, ಅಂದರೆ ಒಂದು ಡಬ್ಬಿ ಫಿಲಂ, ಹತ್ತು ನಿಮಿಷ. ಭಟ್ಟಿ ರಟ್ಟಿನದಾಗಕೂಡದು. “ಪ್ರೇಕ್ಷಕರಿಗೆ ಇಟ್ಟಿಗೆಯ ತೂಕ ಕಾಣ್ಬೇಕು, ಆನ್ಸೆಲ್ಮ್ ಅವರೇ” ಅಂದರು. ತೂಕ ನನ್ನ ಲೆಕ್ಕದ ಪುಸ್ತಕದಲ್ಲಿ ಕಾಣುತ್ತಿದೆ ಸ್ವಾಮಿ ಅಂದೆ. ಆದರೂ ಒಪ್ಪಿದೆ, ಏಕೆಂದರೆ ಒನೋರೆ ಅರ್ಧ ಕೂಲಿಗೆ ಕಟ್ಟಿಕೊಡಲು ಸಿದ್ಧನಿದ್ದ. ನೀನು ತಲೆ ಆಡಿಸುತ್ತಿರುವುದು ಇಲ್ಲಿಂದಲೇ ಕಾಣುತ್ತದೆ.

ಹಿಂಗೋಡೆ ಮಾತ್ರ ಸಡಿಲವಿರಲಿ ಎಂದು ಅವನಿಗೆ ನೂರು ಸಲ ಹೇಳಿದ್ದೆ. ಹಾಗೆಯೇ ಕಟ್ಟಿದ, ಸುಳ್ಳು ಹೇಳಬಾರದು. ಆದರೆ ಭಟ್ಟಿ ಕಟ್ಟುವವರ ಕಸುಬಿನಲ್ಲಿ ಒಂದು ನೇಮವಿದೆ: ಮೊದಲ ಬೆಂಕಿ ಹಾಕಿ, ಮೊದಲ ರೊಟ್ಟಿ ಸುಟ್ಟು ತೋರಿಸದೆ ಭಟ್ಟಿಯನ್ನು ಯಾರಿಗೂ ಒಪ್ಪಿಸುವಂತಿಲ್ಲ. ಮೂರು ದಿನ ಸಣ್ಣ ಉರಿ ಹಾಕಿದ. ಸ್ಟುಡಿಯೊ ತುಂಬ ಬ್ರೆಡ್ಡಿನ ಘಮ. ನಲವತ್ತು ಜನ ಕೆಲಸಗಾರರು ಬೆಣ್ಣೆ ಹಚ್ಚಿಕೊಂಡು ತಿಂದರು. ಅವನನ್ನು ನಾನು ತಡೆಯಬಹುದಿತ್ತು. ಕ್ಯಾಂಟೀನಿಗೆ ಕೊಡುವುದಕ್ಕಿಂತ ಕಟ್ಟಿಗೆ ಅಗ್ಗವೆಂದು ಲೆಕ್ಕ ಹಾಕಿ, ಕಟ್ಟಿಗೆ ಚೀಟಿಗೆ ನಾನೇ ರುಜು ಮಾಡಿದೆ. ಮೂರು ದಿನದಲ್ಲಿ ಇಟ್ಟಿಗೆಗಳ ನಡುವಿನ ಜೇಡಿಮಣ್ಣು ಬೆಂದು ಕಲ್ಲಾಯಿತು.

ಚಿತ್ರೀಕರಣದ ದಿನ ಒನೋರೆಯ ಪಾತ್ರದ ನಟ ಭಟ್ಟಿಯೊಳಗೆ ಮಲಗಿ ಹತ್ತು ನಿಮಿಷ ಬಡಿದ. ಡಬ್ಬಿ ಮುಗಿಯಿತು, ಗೋಡೆ ಹಾಗೇ ಇತ್ತು. ಎರಡನೆಯ ಡಬ್ಬಿಗೆ ಒಂದು ಇಟ್ಟಿಗೆಯ ಮೂಲೆ ಹಾರಿತು. ನಾಲ್ಕು ದಿನದಲ್ಲಿ ಹತ್ತೊಂಬತ್ತು ಡಬ್ಬಿ. “ನಿನ್ನ ಭಾಮೈದ ಜೈಲಿಂದ ತಪ್ಪಿಸ್ಕೊಂಡಿದ್ದು ಹೌದಾ ಮಾರಾಯ? ಇಂಥ ಗೋಡೆ ಕಟ್ಟೋನು ಜೈಲರ್ ಆಗ್ಬೇಕಿತ್ತು!” ಎಂದು ಕ್ಯಾಮೆರಾದವನು ನಗಾಡಿದ. ಒನೋರೆ ನಗಲಿಲ್ಲ. “ಇಷ್ಟು ವರ್ಷದ ಮೇಲೆ ನನ್ ಕಥೆಯನ್ನೇ ನಾನು ಹಾಳ್ಮಾಡ್ದೆ, ಭಾವ” ಅಂದ. ತಪ್ಪಿಗೆ ರುಜು ಹಾಕಿದವನು ನಾನು. ಅದನ್ನು ಅಂದು ಅವನಿಗೆ ಹೇಳಲಿಲ್ಲ. ಮೊನ್ನೆ ಭಾನುವಾರ ಹೇಳಿದೆ.

ಬುಧವಾರ ವಿತರಕರ ಕಡೆಯಿಂದ ಪೆಲಿಸಾರ್ ಬಂದ. ಬಂಡವಾಳದ ಮುಕ್ಕಾಲು ಭಾಗ ಅವರದು. “ಶನಿವಾರದೊಳಗೆ ಮುಗಿಸಿ. ಇಲ್ಲಾಂದ್ರೆ ಚಿತ್ರ ನಮ್ಮ ಕೈಗೆ ಬರುತ್ತೆ. ರಟ್ಟಿನ ಗೋಡೆ, ಬೇರೆ ನಿರ್ದೇಶಕ, ಕೊನೇಲಿ ಒಂದು ಹಾಡು” ಎಂದು ಹೇಳಿ, ಹೋಗುವಾಗ ಭಟ್ಟಿಯ ಬ್ರೆಡ್ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಕರಾರಿನಂತೆ ನನ್ನ ಪಾಲೆಲ್ಲ ಹೋಗುತ್ತಿತ್ತು. ಅದು ಹೋದರೆ ನಾನು ಸಿನಿಮಾಕ್ಕೆ ಮುಂಚಿನಂತೆ ಮತ್ತೆ ಚೀಸ್ ಮಾರುತ್ತಿದ್ದೆ, ಬದುಕುತ್ತಿದ್ದೆ. ಒನೋರೆಯ ಜೀವನದ ಏಕೈಕ ದೊಡ್ಡ ದಿನಕ್ಕೆ ಹಾಡು ಅಂಟಿಸುತ್ತಾರಲ್ಲ, ಅದನ್ನು ಅವನ ಮುಖ ನೋಡಿ ಹೇಗೆ ಹೇಳಲಿ? ಗೋಡೆಯನ್ನು ಒಂದು ದಿನದಲ್ಲಿ ಮತ್ತೆ ಕಟ್ಟಬಹುದು, ಆದರೆ ಫಿಲಂ ಇರಲಿಲ್ಲ. ಅಂಗಡಿಯವರು ಸಾಲ ನಿಲ್ಲಿಸಿದ್ದರು. ನಾನು ಗಡಿಯಾರ ಮಾರಿದೆ, ಎರಡು ಡಬ್ಬಿ ಬಂತು.

ಗುರುವಾರ ಮಧ್ಯಾಹ್ನ ಸ್ಟುಡಿಯೊ ಬಾಗಿಲಿಗೆ ಇಪ್ಪತ್ತು ಡಬ್ಬಿ ಬಂದು ಬಿದ್ದವು. ಪೂರ್ತಿ ಹಣ ಸಂದಾಯವಾಗಿದೆ, ಕೊಟ್ಟವರ ಹೆಸರಿಲ್ಲ.

ಒನೋರೆ ಹಿಂಗೋಡೆ ಬಿಚ್ಚಿ ಹೊಸದಾಗಿ ಕಟ್ಟಿದ. ಈ ಸಲ ಜೇಡಿಗೆ ಮರಳು ಹೆಚ್ಚಾಗಿ ಬೆರೆಸುವಾಗ, ಹಾಲಿಗೆ ನೀರು ಹಾಕುವವನಂತೆ ಮುಖ ತಿರುಗಿಸಿಕೊಂಡಿದ್ದ. ಕಟ್ಟಿಗೆಯನ್ನು ನಾನು ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಶನಿವಾರ ಬೆಳಿಗ್ಗೆ ಮೂರನೆಯ ಡಬ್ಬಿ. ಎಂಟನೆಯ ನಿಮಿಷಕ್ಕೆ ಮೊದಲ ಇಟ್ಟಿಗೆ ಆಚೆ ಬಿತ್ತು. ತೂತಿನಿಂದ ಬೆಳಕು ಬಂದು ನಟನ ಮಸಿ ಮುಖದ ಮೇಲೆ ಬಿತ್ತು. ನಾನು ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. ಒನೋರೆ ನನ್ನ ತೋಳು ಹಿಡಿದುಕೊಂಡಿದ್ದ. “ಭಾವ, ಆವತ್ತು ಬೆಳಕು ಎಡಗಡೆಯಿಂದ ಬಂದಿತ್ತು. ಹೋಗ್ಲಿ ಬಿಡು” ಅಂದ, ಅಳುತ್ತ.

ಈಗ ಚಿತ್ರಕ್ಕೆ ಐದನೆಯ ವಾರ. ಮೊದಲ ವಾರ ಜನರಿಗಿಂತ ಖಾಲಿ ಖುರ್ಚಿಗಳೇ ಹೆಚ್ಚು ಬಂದಿದ್ದವು. ಎರಡನೆಯ ವಾರದಿಂದ ಜನ ಆ ಎಂಟು ನಿಮಿಷ ನೋಡಲೆಂದೇ ಬರತೊಡಗಿದರು. ವಿತರಕರ ಬಂಡವಾಳ ಅವರಿಗೆ ವಾಪಸ್ ಬಂದಾಗಿದೆ. ಪೆಲಿಸಾರ್ ಈಗ ಹೋದಲ್ಲೆಲ್ಲ, ಭಟ್ಟಿ ನಿಜವಾದದ್ದೇ ಇರಲಿ ಎಂದು ಹಟ ಹಿಡಿದವನು ತಾನು ಅನ್ನುತ್ತಾನಂತೆ. ಅನ್ನಲಿ.

ನನ್ನ ಕೈಗೆ ಬಂದ ಮೊದಲ ಹಣದಲ್ಲಿ ಒಂದು ಉಗಿ ಇಸ್ತ್ರಿ ಯಂತ್ರ ಕೊಂಡಿದ್ದೇನೆ. ಗುರುವಾರ ನಿನ್ನ ಲಾಂಡ್ರಿಗೆ ಬರುತ್ತದೆ. ಗಾಡಿಯವನನ್ನು ವಾಪಸ್ ಕಳಿಸಬೇಡ, ಅವನ ಬಾಡಿಗೆಯೂ ಕೊಟ್ಟಾಗಿದೆ. ಜೊತೆಗೆ ನನ್ನ ಪಾಲಿನ ಲಾಭದಲ್ಲಿ ಅರ್ಧವನ್ನು ನಿನ್ನ ಹೆಸರಿಗೆ ಬರೆಸಿದ್ದೇನೆ. ಇದು ಉಪಕಾರವಲ್ಲ. ಐದು ವರ್ಷದ ಹಿಂದೆ ನನ್ನ ಮೊದಲ ಚಿತ್ರದಲ್ಲಿ ಮುಳುಗಿದ್ದು ನಾವು ಮನೆಗೆಂದು ಕೂಡಿಟ್ಟ ಹಣ, ಅದರಲ್ಲಿ ಮುಕ್ಕಾಲು ನೀನು ಉಜ್ಜಿ ಗಳಿಸಿದ್ದು. ನೀನು ಅಂದು ಏನೂ ಕೂಗಾಡಲಿಲ್ಲ. ನನ್ನ ಪೆಟ್ಟಿಗೆಯನ್ನು ಬಾಗಿಲ ಹೊರಗಿಟ್ಟೆ, ಅಷ್ಟೆ. ತೆರೆದು ನೋಡಿದರೆ ಅಂಗಿಗಳೆಲ್ಲ ಇಸ್ತ್ರಿಯಾಗಿದ್ದವು, ಕರವಸ್ತ್ರಗಳೂ.

ಈ ಸಲ ನೀನು ಕೊಟ್ಟದ್ದು ತಮ್ಮನಿಗಾಗಿ, ನನಗಾಗಿ ಅಲ್ಲವೆಂದು ಬಲ್ಲೆ. ಆದರೂ ಆ ಬೆಳಕು ನನ್ನ ಮೇಲೂ ಬಿತ್ತು. ಅದಕ್ಕಾಗಿ, ಅಂದಿನ ಅಂಗಿಗಳಿಗಾಗಿ, ನಿನಗೆ ನಾನು ಋಣಿ.

ನಿನ್ನ
ಆನ್ಸೆಲ್ಮ್

ಮರೆತ ಮಾತು: ಮೊದಲ ಪುಟದಲ್ಲಿ ಒಂದು ಸುಳ್ಳಿದೆ. ಒನೋರೆ ಹೇಳುವ ತನಕ ನನಗೆ ಗೊತ್ತಿರಲಿಲ್ಲ ಎಂದು ಬರೆದೆನಲ್ಲ, ಗೊತ್ತಿತ್ತು. ಡಬ್ಬಿಗಳು ಬಂದ ಗುರುವಾರವೇ ಸಂಜೆ ಫಿಲಂ ಅಂಗಡಿಯ ಗುಮಾಸ್ತನ ಬಳಿ ಓಡಿದ್ದೆ. ಹೆಸರು ಹೇಳಲಾರೆ ಎಂದು ಅವನು ನೋಟುಗಳನ್ನಷ್ಟೇ ತೋರಿಸಿದ. ತಲಾ ಹತ್ತು ಸಾವಿರ ಫ್ರಾಂಕಿನ ಐವತ್ತು ನೋಟು, ಒಂದರಲ್ಲೂ ಮಡಿಕೆಯಿಲ್ಲ, ಇಸ್ತ್ರಿ ಮಾಡಿದ್ದವು. ಇಡೀ ಪ್ಯಾರಿಸಿನಲ್ಲಿ ನೋಟಿಗೆ ಇಸ್ತ್ರಿ ಹಾಕಿ ಕೊಡುವವಳು ಒಬ್ಬಳೇ. ತಿಳಿದೂ ಹಿಂತಿರುಗಿಸಲಿಲ್ಲ. ಪುಸ್ತಕದಲ್ಲಿ ‘ಅನಾಮಧೇಯ’ ಎಂದು ಬರೆದು ಸುಮ್ಮನಾದೆ. ನನ್ನ ಜೇಬಿನ ಮುದುಡಿದ ನೋಟು ಅವನಿಗೆ ಕೊಟ್ಟು, ಅದರಲ್ಲೊಂದನ್ನು ಬದಲಿಗೆ ಪಡೆದು ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ. ಇದರ ಜೊತೆ ಕಳಿಸೋಣವೆಂದುಕೊಂಡೆ. ಲಕೋಟೆಗೆ ಹಾಕಬೇಕಾದರೆ ಮಡಿಚಬೇಕಾಗುತ್ತದೆ. ನೀನು ಬೇಡವೆನ್ನದಿದ್ದರೆ, ಭಾನುವಾರ ಕೈಯಲ್ಲೇ ತರುತ್ತೇನೆ.