ತಹಶೀಲ್ದಾರರು ಬರೆಯದ ಎರಡು ಸಾಲು

ಮಾನ್ಯ ತಹಶೀಲ್ದಾರರೇ,

ನನ್ನ ಮಗಳ ತಂದೆ ಯಾರೆಂಬುದನ್ನು ನೀವು ಇನ್ನೂ ತೀರ್ಮಾನಿಸಿಲ್ಲ. ನನಗೆ ಅದು ಇಪ್ಪತ್ತೊಂದು ವರ್ಷಗಳಿಂದ ಗೊತ್ತಿದೆ. ಆದರೆ ನನ್ನ ತಿಳುವಳಿಕೆಯ ಮೇಲೆ ನಿಮ್ಮ ಕಚೇರಿಯ ಮೊಹರಿಲ್ಲ. ಇದೇ ಜುಲೈ ಹದಿನೈದರೊಳಗೆ ಆ ಮೊಹರು ಬಿದ್ದ ಕಾಗದ ಪುಣೆಗೆ ತಲುಪದಿದ್ದರೆ ಮನೋರಮಾಳ ಸೀಟು ಬೇರೊಬ್ಬರ ಪಾಲಾಗುತ್ತದೆ. ಮೂರು ಸಲ ನಿಮ್ಮ ಕಚೇರಿಗೆ ಬಂದು ಹೇಳಿದ ಮಾತು ನಿಮ್ಮ ಫೈಲಿನೊಳಗೆ ಹೋಗಲಿಲ್ಲ. ಅದಕ್ಕಾಗಿ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದು ನಮ್ಮ ಮನೆಯ ಹೆಂಗಸರು ಮಾಡುವ ಕೆಲಸವಲ್ಲ ಎಂಬುದು ನನಗೂ ಗೊತ್ತು.

ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ನಮ್ಮದು ಅಳಿಯಸಂತಾನದ ಜೈನ ಮನೆತನ. ನೀವು ಘಟ್ಟದ ಮೇಲಿನಿಂದ ಬಂದವರಾದ್ದರಿಂದ ವಿವರಿಸುತ್ತೇನೆ. ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಆ ಮನೆಯ ಯಜಮಾನ ತಾಯಿಯ ಅಣ್ಣ. ಮಕ್ಕಳ ತಂದೆಗೆ ತನ್ನ ಅಕ್ಕತಂಗಿಯರ ಮನೆಯ ಯಜಮಾನಿಕೆ. ನನ್ನ ಗಂಡ ಸನತ್‌ಕುಮಾರರು ಫರಂಗಿಪೇಟೆಯ ಬಳಿ ತಮ್ಮ ಅಕ್ಕನ ಮನೆ ನೋಡಿಕೊಂಡಿದ್ದಾರೆ. ವಾರಕ್ಕೊಮ್ಮೆ ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಿ ನಮ್ಮಲ್ಲಿಗೆ ಬರುತ್ತಾರೆ. ಮದುವೆಯಾದಂದಿನಿಂದ ಒಂದು ವಾರವೂ ತಪ್ಪಿಸಿದ್ದಿಲ್ಲ.

ಮನೋರಮಾಳನ್ನು ೧೯೫೦ರಲ್ಲಿ ಶಾಲೆಗೆ ಸೇರಿಸಲು ನಾನೂ ನನ್ನ ಅಣ್ಣ ಜೀವಂಧರರೂ ಹೋಗಿದ್ದೆವು. ಸುಬ್ಬಯ್ಯ ಮಾಸ್ತರರು ತಂದೆಯ ಹೆಸರು ಕೇಳಿದರು. ಅಣ್ಣ ಹೇಳಿದ:

"ಜೀವಂಧರ ಅಂತ ಬರೆಯಿರಿ ಮಾಸ್ತರ್ರೇ. ನಾಳೆ ಹುಡುಗಿ ಶಾಲೆಗೆ ಬಾರದಿದ್ದರೆ ನೀವು ಹುಡುಕಿಕೊಂಡು ಬರುವುದು ನನ್ನನ್ನೇ ಅಲ್ವಾ?"

"ಅದು ಸರಿ," ಎಂದು ಮಾಸ್ತರರು ನಕ್ಕು ಬರೆದುಕೊಂಡರು.

ನಾನು ಮಂಗಳೂರಿನಲ್ಲಿ ಇಂಗ್ಲಿಷಿನಲ್ಲೇ ಓದಿದವಳು. ಕಾಗದದ ಮೇಲೆ ಬಿದ್ದ ಹೆಸರು ಮನುಷ್ಯನಿಗಿಂತ ಹೆಚ್ಚು ಕಾಲ ಉಳಿಯುತ್ತದೆಂದು ಅಲ್ಲಿದ್ದ ಮೂವರಲ್ಲಿ ಯಾರಿಗಾದರೂ ಹೊಳೆಯಬೇಕಿದ್ದರೆ ಅದು ನನಗೆ. ಅಣ್ಣನಿಗೆ ಎದುರಾಡುವುದು ಹೇಗೆಂದು ಸುಮ್ಮನಿದ್ದೆ ಎಂದು ಈಚೆಗೆ ಹೇಳಿಕೊಳ್ಳುತ್ತಿದ್ದೆ. ಅದೂ ಪೂರ್ತಿ ನಿಜವಲ್ಲ. ಅಂದು ನನಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಎಸ್.ಎಸ್.ಎಲ್.ಸಿ. ಪುಸ್ತಕಕ್ಕೂ ಅದೇ ಹೆಸರು ಹೋಯಿತು. ಅಣ್ಣ ತೀರಿಕೊಂಡು ಎರಡು ವರ್ಷವಾಯಿತು.

ಇನ್ನು ಸಿನಿಮಾದ ಮಾತು. ಸುಗ್ಗಿ ಕಳೆದ ಮೇಲೆ ಪ್ರತಿವರ್ಷ ಮೂಡುಬಿದಿರೆಗೆ ಟೂರಿಂಗ್ ಟಾಕೀಸಿನ ಡೇರೆ ಬರುತ್ತಿತ್ತು. ಅದರ ಆಪರೇಟರ್ ಮೊಯಿದಿನಬ್ಬ ಹರಿದ ರೀಲನ್ನು ಅಂಟಿಸುವಾಗ ಕತ್ತರಿಸಿ ಬಿಸಾಡಿದ ತುಂಡುಗಳನ್ನು ನನ್ನ ಮಗಳು ಆಯ್ದು ತರುತ್ತಿದ್ದಳು. ಆಗ ಅವಳಿಗೆ ಹತ್ತು ವರ್ಷ. ಕಿಟಕಿಗೆ ದಾರ ಕಟ್ಟಿ ತುಂಡುಗಳನ್ನು ಸಾಲಾಗಿ ಸಿಕ್ಕಿಸುವಳು. ಅಳುವ ಹೆಂಗಸಿನ ತುಂಡಿನ ಪಕ್ಕ ಖಾಲಿ ರಸ್ತೆಯ ತುಂಡು ಇಟ್ಟು, "ಇವಳ ಗಂಡ ಹೋದ, ಅಮ್ಮಾ" ಎನ್ನುವಳು. ರಸ್ತೆ ತೆಗೆದು ತೊಟ್ಟಿಲು ಇಟ್ಟು, "ಈಗ ನೋಡು, ಖುಷಿಗೆ ಅಳುವುದು" ಎನ್ನುವಳು. ಹೆಂಗಸಿನ ಮುಖ ಅದೇ. ಮೊಯಿದಿನಬ್ಬ ಒಮ್ಮೆ ನನ್ನೊಡನೆ ಅಂದಿದ್ದರು: "ಅಕ್ಕಾ, ರೀಲು ತುಂಡಾದ್ರೆ ನಾನು ಅಂಟಿಸ್ತೇನೆ, ಅಷ್ಟೆ. ಈ ಹುಡುಗಿ ಅದನ್ನು ಅಲ್ಲೇ ಯಾಕೆ ಕತ್ತರಿಸಿದ್ದು ಅಂತ ಕೇಳ್ತದೆ. ನನ್ನ ತಲೆ ತಿನ್ನಲಿಕ್ಕೆ ಉಂಟು ಅದು."

ಆ ಹುಡುಗಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಪುಣೆಯ ಸಂಸ್ಥೆಯಲ್ಲಿ ಪದವೀಧರರಿಗಾಗಿ ಇರುವ ಚಿತ್ರ ಸಂಕಲನದ ಡಿಪ್ಲೊಮಾಕ್ಕೆ ಆಯ್ಕೆಯಾಗಿದ್ದಾಳೆ. ಅರ್ಜಿಯಲ್ಲಿ ತಂದೆಯ ಹೆಸರಿದ್ದಲ್ಲಿ ಸನತ್‌ಕುಮಾರ ಎಂದು ನಿಜವನ್ನೇ ಬರೆದಳು. ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಜೀವಂಧರ ಎಂದಿದೆ. ಸಂಸ್ಥೆಯವರು ಗದರಿಸಲಿಲ್ಲ. ಇಬ್ಬರೂ ಒಬ್ಬಳೇ ವಿದ್ಯಾರ್ಥಿನಿಗೆ ಸಂಬಂಧಪಟ್ಟವರೆಂದು ಕಂದಾಯ ಅಧಿಕಾರಿಗಳಿಂದ ಎರಡು ಸಾಲು ಬರೆಸಿ ಕಳಿಸಿ ಎಂದರು. ಆ ಅಧಿಕಾರಿ ನೀವು.

ಮೊದಲ ಸಲ ನೀವು ಕ್ಯಾಂಪಿನಲ್ಲಿದ್ದಿರಿ. ಎರಡನೆಯ ಸಲ ನಿಮ್ಮ ಗುಮಾಸ್ತರು ಕಾಗದಗಳೆರಡನ್ನೂ ಪಕ್ಕಪಕ್ಕ ಇಟ್ಟು, "ಏನಮ್ಮಾ, ಒಂದು ಹುಡುಗಿಗೆ ಇಬ್ಬರು ಅಪ್ಪಂದಿರಾ?" ಎಂದರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನೀವು ನಗಲಿಲ್ಲ, ನಿಜ. ತಂದೆಯನ್ನು ಖುದ್ದಾಗಿ ಕರೆತನ್ನಿ ಎಂದಿರಿ.

ಕರೆತಂದೆ. ಒಗೆದ ಪಂಚೆ ಉಟ್ಟು, ಎರಡು ಬಸ್ಸು ಹತ್ತಿ, ಚಪ್ಪಲಿ ಹೊರಗೆ ಬಿಟ್ಟು ಅವರು ನಿಮ್ಮೆದುರು ನಿಂತರು. ನೀವು ಕೇಳಿದಿರಿ: "ಈ ಹುಡುಗಿಯ ಪೋಷಕರು ನೀವೇ ಏನ್ರೀ?"

"ಅಲ್ಲ ಸ್ವಾಮಿ," ಎಂದರು ಅವರು. "ಅವಳ ಮನೆಗೆ ಯಜಮಾನರು ಅವಳ ಮಾವ ಇದ್ದರು. ನಾನು ಬೇರೆ ಮನೆಯವ."

"ಬರ್ಕೊಳ್ರಿ," ಎಂದಿರಿ ನೀವು. ಗುಮಾಸ್ತರು ಬರೆದರು: ಕರೆತಂದ ವ್ಯಕ್ತಿ ಸಂಬಂಧವನ್ನು ನಿರಾಕರಿಸಿರುತ್ತಾರೆ.

ಸ್ವಾಮಿ, ಅವರು ಏನನ್ನೂ ನಿರಾಕರಿಸಲಿಲ್ಲ. ಇನ್ನೊಂದು ಮನೆಯ ಮಗುವಿನ ಮೇಲೆ ಅಧಿಕಾರ ಹೇಳಿಕೊಳ್ಳಬಾರದೆಂಬ ಮರ್ಯಾದೆಯಲ್ಲಿ ಬೆಳೆದವರು ಅವರು. ಸತ್ತ ಭಾವನ ಜಾಗವನ್ನು ನಿಮ್ಮೆದುರು ಕಸಿದುಕೊಳ್ಳಲು ಅವರಿಗೆ ಬಾಯಿ ಬರಲಿಲ್ಲ. ಆ ಮರ್ಯಾದೆಯೇ ಅವರ ಮೇಲೆ ಸಾಕ್ಷಿಯಾಯಿತು. ಅಂದು ನಾನು ಮಧ್ಯೆ ಬಾಯಿ ಹಾಕಿದೆ. "ಗಂಡಸರು ಮಾತಾಡುವಾಗ ಸ್ವಲ್ಪ ಸುಮ್ಮನಿರಿ" ಎಂದಿರಿ. ಸುಮ್ಮನಿದ್ದೇ ಈ ಗತಿ ಬಂದದ್ದೆಂದು ನಿಮಗೆ ಗೊತ್ತಿರಲಿಲ್ಲ.

ನನ್ನದೊಂದು ಸಂಶಯವನ್ನು ನೀವು ಪರಿಹರಿಸಬೇಕು. ನಿಮ್ಮದೇ ಕಚೇರಿಯ ಇನ್ನೊಂದು ಕಪಾಟಿನಲ್ಲಿ ನಮ್ಮ ಜಮೀನಿನ ದಾಖಲೆಗಳಿವೆ. ಅಲ್ಲಿ ಜೀವಂಧರ ಮನೆಯ ಯಜಮಾನ, ನಾನು ಅವನ ತಂಗಿ, ಮನೋರಮಾ ನನ್ನ ಮಗಳು, ಎಲ್ಲವೂ ಮೊಹರಿನೊಡನೆ ಇದೆ. ಅಳಿಯಸಂತಾನಕ್ಕೆ ಮದರಾಸಿನ ಕಾಲದಲ್ಲೇ ಕಾನೂನಾಗಿದೆ. ಭೂಮಿಯ ಕಪಾಟಿನಲ್ಲಿ ಕಾನೂನಾಗಿರುವುದು ಮಗಳ ಫೈಲಿಗೆ ಬರುವಷ್ಟರಲ್ಲಿ ಮೋಸ ಹೇಗಾಯಿತು? ಎರಡು ಕಪಾಟುಗಳ ನಡುವೆ ಆರು ಹೆಜ್ಜೆ. ನಾನು ಬೆಂಚಿನ ಮೇಲೆ ಕೂತು ಅಳೆದಿದ್ದೇನೆ.

ನಿಮ್ಮ ಗುಮಾಸ್ತರು ಮಾಡಿದ್ದೂ ಸಂಕಲನವೇ. ಎರಡು ಕಾಗದ ಪಕ್ಕಪಕ್ಕ ಇಟ್ಟರು, ಒಂದು ಕಥೆ ಹುಟ್ಟಿತು. ಆದರೆ ಮೊದಲು ಎಲ್ಲ ರೀಲುಗಳನ್ನೂ ನೋಡಬೇಕು, ಆಮೇಲೆ ಕತ್ತರಿ ಹಿಡಿಯಬೇಕು ಎಂದು ನನ್ನ ಮಗಳು ಹೇಳುತ್ತಾಳೆ. ಅದನ್ನು ಕಲಿಯಲು ಅವಳು ಪುಣೆಗೆ ಹೋಗಬೇಕಾಗಿದೆ. ನಿಮ್ಮ ಕಚೇರಿಯಿಂದಲೂ ಯಾರನ್ನಾದರೂ ಕಳಿಸಬಹುದು.

ನಾವು ಹೊರಡುವಾಗ ನೀವು ದನಿ ತಗ್ಗಿಸಿ ಒಂದು ಮಾತು ಹೇಳಿದಿರಿ. "ನೋಡಿಯಮ್ಮಾ, ಒಳ್ಳೆ ಮನೆತನದವರು ನೀವು. ಟೀಚರ್ ಟ್ರೈನಿಂಗಿಗೆ ಅಂದಿದ್ರೆ ಇವತ್ತೇ ಬರೆದುಕೊಡ್ತಿದ್ದೆ." ಹಾಗಾದರೆ ಹೆಸರುಗಳ ತೊಡಕು ತೊಡಕೇ ಅಲ್ಲ. ಟ್ರೈನಿಂಗಿಗೆ ಹೋದರೆ ನನ್ನ ಮಗಳಿಗೆ ತಂದೆ ಇದ್ದಾನೆ, ಸಿನಿಮಾ ಕಲಿಯಲು ಹೋದರೆ ಇಲ್ಲ. ಇದು ಯಾವ ಸುತ್ತೋಲೆಯಲ್ಲಿದೆ?

ಈ ಪ್ರಶ್ನೆಯನ್ನು ನಿಮಗೆ ಕೇಳುವ ಯೋಗ್ಯತೆ ನನಗಿದೆಯೇ ಎಂದೂ ಯೋಚಿಸಿದ್ದೇನೆ. ಪುಣೆಯ ಕಾಗದ ನನ್ನ ಕೈ ಸೇರಿದ್ದು ಜೂನ್ ಎಂಟಕ್ಕೆ. ಒಂಬತ್ತು ದಿನ ಅದನ್ನು ನನ್ನ ಸೀರೆಗಳ ಅಡಿಯಲ್ಲಿಟ್ಟಿದ್ದೆ. ನಿಮ್ಮ ತಲೆಗೆ ಬಂದದ್ದೇ ನನ್ನ ತಲೆಗೂ ಬಂದಿತ್ತು. ಹುಡುಗಿ ಒಬ್ಬಳೇ, ಅಷ್ಟು ದೂರ, ಸಿನಿಮಾ. ಜನ ಏನು ಹೇಳುತ್ತಾರೆ? ಪ್ರತಿದಿನ ಅಂಚೆಯವನಿಗಾಗಿ ಜಗಲಿಯಲ್ಲಿ ಕಾಯುವ ಅವಳನ್ನು ನೋಡುತ್ತಲೇ ಸುಮ್ಮನಿದ್ದೆ. ಹತ್ತನೆಯ ದಿನ ತೆಗೆದುಕೊಟ್ಟಾಗ ಅವಳು ತಾರೀಕು ನೋಡಿದಳು, ನನ್ನ ಮುಖ ನೋಡಿದಳು. ಆ ಒಂಬತ್ತು ದಿನ ಈಗ ಕೈಯಲ್ಲಿದ್ದಿದ್ದರೆ ನಾನು ಈ ಪತ್ರ ಬರೆಯದೆ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ನಿಮ್ಮ ಮೇಲಿನವರ ಕಾಲು ಹಿಡಿಯುತ್ತಿದ್ದೆ. ಈಗ ನೀವಲ್ಲದೆ ನನಗೆ ಬೇರೆ ಯಾರೂ ಇಲ್ಲ.

ನಿಮ್ಮ ಕಚೇರಿಯಿಂದ ಮೂರನೆಯ ಸಲ ಹಿಂದಿರುಗುವ ಬಸ್ಸಿನಲ್ಲಿ, ನಮ್ಮ ಜೊತೆಗಿದ್ದ ಮನೋರಮಾ ತುಳುವಿನಲ್ಲಿ ಮೆಲ್ಲನೆ ಹೇಳಿದಳು: "ಬೇಡಮ್ಮ, ನಾನು ಹೋಗುವುದಿಲ್ಲ. ಅಪ್ಪನನ್ನು ಇನ್ನೊಮ್ಮೆ ಅಲ್ಲಿ ನಿಲ್ಲಿಸುವುದು ಬೇಡ." ಮನೆಗೆ ಬಂದು ಕಿಟಕಿಯ ದಾರವನ್ನು ಬಿಚ್ಚಿ, ತುಂಡುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ತುಂಬಿ ಮುಚ್ಚಿದಳು. ಹನ್ನೊಂದು ವರ್ಷ ಇದ್ದ ದಾರ ಅದು. ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಹನ್ನೊಂದನೆಯ ತಾರೀಕು, ಸೋಮವಾರ, ಕಚೇರಿ ತೆರೆಯುವ ಹೊತ್ತಿಗೆ ನಾವು ಬರುತ್ತೇವೆ. ಅಂದೇ ಅಂಚೆಗೆ ಹಾಕಿದರೆ ಕಾಗದ ಸಮಯಕ್ಕೆ ತಲುಪಬಹುದು. ಎರಡು ಸಾಲು ಬರೆದು ಸಹಿ ಮಾಡಿ. ಆಗದೆಂದಾದರೆ ಆಗದೆಂದೇ ಬರೆದು, ಕಾರಣ ಸಿನಿಮಾ ಎಂದು ಕಾಣಿಸಿ, ಅದರ ಕೆಳಗೆ ಸಹಿ ಮಾಡಿ. ನನ್ನ ಮಗಳು ಯಾವುದರಿಂದ ಸೋತಳೆಂದು ಅವಳಿಗೆ ಗೊತ್ತಿರಲಿ.

ಅವಳ ತಂದೆಯೂ ಬರುತ್ತಾರೆ. ಮೊನ್ನೆ ನಾನು ಕೇಳಿದೆ, "ಈ ಸಲ ಏನು ಹೇಳ್ತೀರಿ?" ನಾಲ್ಕು ಜನರೆದುರು ಅವಳನ್ನು ನನ್ನ ಮಗಳು ಎಂದು ಕರೆದವರಲ್ಲ ಅವರು. ಯಾವತ್ತೂ "ಅನಂತಮತಿಯ ಮಗಳು" ಎಂದೇ ಹೇಳಿದವರು. ಆದರೂ, "ಭಾವ ಇದ್ದಿದ್ದರೆ ಹೇಳು ಅಂತಲೇ ಅನ್ನುತ್ತಿದ್ದರು. ಹೇಳ್ತೇನೆ," ಎಂದರು.

ಆದ್ದರಿಂದ ಒಂದೇ ಕೋರಿಕೆ. ಪೋಷಕರು ಯಾರು, ಯಜಮಾನರು ಯಾರು, ರೇಷನ್ ಕಾರ್ಡು ಯಾವ ಮನೆಯದ್ದು ಎಂದು ಅವರನ್ನು ಕೇಳಬೇಡಿ. ಇವಳು ನಿಮ್ಮ ಮಗಳೋ ಎಂದಷ್ಟೇ ಕೇಳಿ. ಗುಮಾಸ್ತರ ಲೇಖನಿಯಲ್ಲಿ ಶಾಯಿ ಇರಲಿ. ಅವರು ಆ ಮಾತನ್ನು ಎರಡನೆಯ ಸಲ ಹೇಳಲಾರರು.

ಇಂತಿ,
ಹದಿನಾರು ವರ್ಷ ಮತ್ತು ಒಂಬತ್ತು ದಿನ ತಡವಾಗಿ ಬಾಯಿ ತೆರೆದ
ಅನಂತಮತಿ
೨ ಜುಲೈ ೧೯೬೬