ಮೂರು ವರ್ಷದ ಬಳ್ಳಿ

ಶೆಟ್ಟಿಕೊಪ್ಪ
ಜೂನ್ 23, 2007

ಆಕಾಶ ನೋಡುತ್ತಾ ಕುಳಿತಿರುವ ನನ್ನ ಯಜಮಾನರಾದ ಪೌಲೋಸರಿಗೆ, ನೆಲದ ಮೇಲಿರುವ ಶೋಶಮ್ಮನ ಪ್ರೀತಿಯ ವಂದನೆಗಳು.

ನಾನು ಚೆನ್ನಾಗಿದ್ದೇನೆ. ಕೆಂದ ಹಸು ಕರು ಹಾಕಿದೆ, ಹೆಣ್ಣು. ನಿಮ್ಮನ್ನು ವಾಪಸು ಕರೆಯಲು ಬರೆಯುತ್ತಿದ್ದೇನೆಂದು ಹೆದರಬೇಡಿ. ಮನೆಗೆ ಒಬ್ಬರು ಬಂದಿದ್ದರು, ಆ ಸುದ್ದಿಯನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ಮಲಯಾಳದಲ್ಲಿ ಬರೆದಿದ್ದರೆ ನಿಮಗೆ ಇನ್ನೂ ಖುಷಿಯಾಗುತ್ತಿತ್ತು. ಏನು ಮಾಡಲಿ, ನಾನು ಇಲ್ಲಿಯ ಕನ್ನಡ ಶಾಲೆಯಲ್ಲಿ ಕಲಿತವಳು.

ಈಸ್ಟರ್ ಕಳೆದ ವಾರದ ಜಗಳ ನಿಮಗೆ ನೆನಪಿರಬೇಕು. ಮೆಣಸಿನ ಕುಡಿಗಳು ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೇರು ಬಿಟ್ಟು ನೆಡಲು ತಯಾರಾಗುತ್ತಿದ್ದವು. ನೀವು ನೆಡುವುದೇ ಬೇಡ ಎಂದಿರಿ. ಬಳ್ಳಿ ಫಸಲು ಕೊಡಲು ಮೂರು ವರ್ಷ ಬೇಕು, ಅಷ್ಟರಲ್ಲಿ ಕರ್ತನು ಬಂದು ಸಾವಿರ ವರ್ಷದ ರಾಜ್ಯ ಶುರುವಾಗಿರುತ್ತದೆ ಎಂದು ನಿಮ್ಮ ಹೊಸ ಪಾಸ್ಟರ್ ಹೇಳಿದ್ದರಂತೆ. ಆ ಸಾವಿರ ವರ್ಷ ಸಾರಿಗೆ ಮೆಣಸು ಎಲ್ಲಿಂದ ತರುತ್ತೀರಿ ಎಂದು ನಾನು ಕೇಳಿದೆ. ನೀವು ಚೀಲ ತೆಗೆದುಕೊಂಡು ಕೊಪ್ಪದ ಪ್ರಾರ್ಥನಾ ಮಂದಿರಕ್ಕೆ ಹೊರಟೇಬಿಟ್ಟಿರಿ. ಹೊರಡುವಾಗ 'ಹೋಗ್ತೇನೆ' ಎಂದಿರಿ. ನಮ್ಮ ಕಡೆ ಸಾವಿನ ಮನೆಯಿಂದ ಏಳುವಾಗ ಬಿಟ್ಟರೆ ಎಲ್ಲರೂ 'ಬರ್ತೇನೆ' ಎಂದೇ ಹೇಳುತ್ತಾರೆ. ಚೀಲಕ್ಕಿಂತ ಆ ಮಾತೇ ನನಗೆ ಹೆಚ್ಚು ನೋವು ಕೊಟ್ಟಿತು.

ಅದಿರಲಿ. ಹೋದ ವಾರ ಶೃಂಗೇರಿಗೆ ಹೊರಟಿದ್ದ ಬಸ್ಸು ನಮ್ಮೂರಲ್ಲಿ ಕೆಟ್ಟು ನಿಂತಿತು. ಅಂಗಡಿ ಜಲಾಲುದ್ದೀನರ ಮಗಳು ರುಬೀನಾ ಒಬ್ಬ ಹೆಂಗಸನ್ನು ಕರೆತಂದಳು. ಇವರು ಇಸ್ರೇಲಿನವರಂತೆ, ಹೆಸರು ಶೋಶಾನಾ ಅಂತೆ, ನಿಮ್ಮದೂ ಅದೇ ಅಲ್ವಾ ಆಂಟಿ, ಒಂದು ರಾತ್ರಿ ಇಲ್ಲೇ ಮಲಗಲಿ ಎಂದಳು. ನನ್ನದೇ ವಯಸ್ಸು, ನನ್ನ ಹಾಗೇ ಮಂಡಿನೋವು. ಕಾಫಿ ಕೊಟ್ಟವಳೇ ಕೇಳಿಬಿಟ್ಟೆ: ಕರ್ತನು ಇಳಿಯುವುದು ನಿಮ್ಮ ಊರಿಗೇ ಅಂತಾರಲ್ಲ, ಏನಾದ್ರೂ ಸುದ್ದಿ ಉಂಟಾ? ರುಬೀನಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಬಂದ ಉತ್ತರವನ್ನೂ ಅವಳೇ ಕನ್ನಡದಲ್ಲಿ ತಿಳಿಸಿದಳು. ಅವರು ಯೆಹೂದ್ಯರು, ಅವರ ಪ್ರಕಾರ ಬರಬೇಕಾದ ಮೆಸ್ಸೀಯನು ಇನ್ನೂ ಒಂದು ಸಲವೂ ಬಂದಿಲ್ಲವಂತೆ.

ನನಗೆ ಕಸಿವಿಸಿಯಾಯಿತು. ಆದರೂ ಬಿಡದೆ, ಬಂದ ಮೇಲೆ ಏನಾಗುತ್ತದೆ ಅಂತೀರಿ ಎಂದು ಕೇಳಿದೆ. ಕತ್ತಿಗಳನ್ನು ಬಡಿದು ನೇಗಿಲ ಗುಳ ಮಾಡುತ್ತಾರೆ, ತೋಳ ಕುರಿಯ ಜೊತೆ ಮಲಗುತ್ತದೆ, ಪ್ರತಿಯೊಬ್ಬನೂ ಹೆದರಿಕೆಯಿಲ್ಲದೆ ತನ್ನ ಬಳ್ಳಿಯ ಕೆಳಗೆ ಕುಳಿತಿರುತ್ತಾನೆ ಎಂದರು. ನಮ್ಮ ಇಗರ್ಜಿಯಲ್ಲಿ ಓದುವುದೂ ಇದನ್ನೇ ಅಲ್ಲವೇ? ನಾವು ಎರಡನೆಯ ಸಲ ಬರುತ್ತಾನೆ ಅನ್ನುತ್ತೇವೆ, ಅವರು ಮೊದಲನೆಯದು ಅನ್ನುತ್ತಾರೆ. ಬಾಗಿಲಲ್ಲಿ ಕಾಯುತ್ತಾ ನಿಂತಿರುವುದು ಇಬ್ಬರೂ.

ಅವರ ಬಳ್ಳಿ ದ್ರಾಕ್ಷಿಯದು. ನಾನು ಹಿತ್ತಿಲಿಗೆ ಕರೆದುಕೊಂಡು ಹೋಗಿ ನಮ್ಮ ಹಳೆಯ ಮೆಣಸಿನ ಬಳ್ಳಿ ತೋರಿಸಿದೆ. ಆಯಮ್ಮ ಅದರ ಬುಡದಲ್ಲೇ ಕಾಲು ಚಾಚಿ ಕುಳಿತು, ಇಲ್ಲಿ ಯಾರ ಹೆದರಿಕೆಯೂ ಇಲ್ಲ ಎಂದು ನಕ್ಕರು. ಪಕ್ಕದಲ್ಲಿ ತೊಟ್ಟೆಗಳು ಸಾಲಾಗಿ ಕುಳಿತಿದ್ದವು. ಇವನ್ನು ಯಾಕೆ ನೆಟ್ಟಿಲ್ಲ ಎಂದು ಕೇಳಿದರು. ನಿಮ್ಮ ವಿಷಯ ಹೇಳಿದೆ. ಅದನ್ನು ಕೇಳಿ ಅವರು ನಗಲಿಲ್ಲ, ಅದು ನನಗೆ ಇಷ್ಟವಾಯಿತು. ನಮ್ಮವರು ಎಷ್ಟೋ ತಲೆಮಾರಿನಿಂದ ಕಾಯುತ್ತಿದ್ದಾರೆ, ಕಾಯುತ್ತಲೇ ಗಿಡ ನೆಡುತ್ತಾರೆ, ಬಂದವನಿಗೆ ಊಟಕ್ಕೆ ಏನಾದರೂ ಬೇಡವೇ ಎಂದರು. ಈ ಮಾತು ಕೇಳಿದ್ದೇ ನಮ್ಮ ತೋಟದ ಕೆಲಸದ ಗಿರಿಯಮ್ಮ ಗುದ್ದಲಿ ತಂದಳು. ಅಮ್ಮಾ, ಯಜಮಾನ್ರು ಬಂದು ಬೈದ್ರೆ ಎಂತ ಹೇಳೂದು ಮಾರಾಯ್ತಿ ಅಂತ ಗೊಣಗುತ್ತಲೇ ಗುಂಡಿ ತೋಡಿದಳು. ಬೆಳಗಿನ ಬಸ್ಸಿನ ಹೊತ್ತಿಗೆ ಎಲ್ಲ ಬಳ್ಳಿಯೂ ಮಣ್ಣು ಸೇರಿತ್ತು. ಈಗ ಒಂದೊಂದರಲ್ಲೂ ಹೊಸ ಎಲೆ ಇದೆ.

ನಿಮ್ಮ ನಂಬಿಕೆಯನ್ನು ನಾನು ಹಗುರ ಮಾಡುತ್ತಿಲ್ಲ. ಕರ್ತನು ಬರುತ್ತಾನೆ, ನಾನೂ ಹಾಗೇ ನಂಬಿದವಳು. ನೀವಿಲ್ಲದೆ ಮನೆ ನಡೆಯುತ್ತದೆ, ನಾನು ಅಳುತ್ತಾ ಕೂತಿಲ್ಲ. ಆದರೆ ನನಗೆ ನಿಮ್ಮ ಮೇಲೆ ಸಿಟ್ಟಿದೆ, ಬೇಸರವೂ ಇದೆ. ಸಂಜೆ ಕೊಪ್ಪದ ಬಸ್ಸಿನ ಸದ್ದಾದರೆ ಕೈಕೆಲಸ ಬಿಟ್ಟು ಅಂಗಳಕ್ಕೆ ಬರುತ್ತೇನೆ. ಆಗ ನಾನು ಎದುರು ನೋಡುವುದು ಕರ್ತನನ್ನಲ್ಲ, ಅವನು ಕ್ಷಮಿಸಲಿ.

ಕಷಾಯ ಕುಡಿಯುತ್ತಿದ್ದೀರಿ ತಾನೇ?

ನಿಮ್ಮ
ಶೋಶಮ್ಮ

ತಾ.ಕ.: ಭಾನುವಾರ. ಲಕೋಟೆಯ ಮೇಲೆ ಅಂಚೆ ಚೀಟಿ ಇಲ್ಲದ್ದನ್ನು ನೀವು ಗಮನಿಸಿರಲಿಕ್ಕಿಲ್ಲ. ಒಳಗೆ ಹೋಗುತ್ತಿರುವ ಒಬ್ಬ ಅಕ್ಕನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾನು ನಿಮ್ಮ ಪ್ರಾರ್ಥನಾ ಮಂದಿರದ ಗೇಟಿನ ಹೊರಗೆ ನಿಂತಿದ್ದೇನೆ. ನೀವು ಕಾಯುತ್ತಿರುವುದು ನನಗಾಗಿ ಅಲ್ಲ, ಗೊತ್ತು. ಆದರೂ ಬಂದಿದ್ದೇನೆ.